ಆಸ್ಟ್ರಿಯದ ಬ್ಯಾರನ್ ಒಬ್ಬನ ವಂಶಾವಳಿ ಬರೆಯುವುದು ಹೇಗೆ

ಮೊದಲು ಬಿರುದನ್ನೂ ಹೆಸರನ್ನೂ ಬೇರ್ಪಡಿಸಿಕೊಳ್ಳಿ. ಹತ್ತೊಂಬತ್ತನೆಯ ಶತಮಾನದ ಆಸ್ಟ್ರಿಯದ ಪ್ರವಾಸಿ, ರಾಯಭಾರಿಯೊಬ್ಬನ ಹೆಸರು ‘ಕಾರ್ಲ್ ಫ್ರೈಹೆರ್ ಫಾನ್ ಹ್ಯೂಗೆಲ್’ ಎಂದು ದಾಖಲೆಯಲ್ಲಿದ್ದರೆ, ಫ್ರೈಹೆರ್ ಎಂಬುದು ನಡುವಿನ ಹೆಸರಲ್ಲ, ಬ್ಯಾರನ್‌ಗೆ ಸಮನಾದ ದರ್ಜೆ. ಬರಿಯ ‘ಫಾನ್’ ಕೆಳಗಿನ ಮೆಟ್ಟಿಲು. ಅದರ ಮೇಲೆ ಎಡ್ಲರ್, ರಿಟ್ಟರ್, ಫ್ರೈಹೆರ್, ಗ್ರಾಫ್ (ಕೌಂಟ್), ಫ್ಯೂರ್ಸ್ಟ್ (ಪ್ರಿನ್ಸ್) ಬರುತ್ತವೆ. ಬ್ಯಾರನ್‌ನ ಹೆಂಡತಿ ಫ್ರೈಫ್ರಾವ್, ಮದುವೆಯಾಗದ ಮಗಳು ಫ್ರೈಇನ್. ಈ ಎರಡನ್ನು ಅದಲುಬದಲು ಮಾಡಿದರೆ ಮಗಳು ಸೊಸೆಯಾಗಿಬಿಡುತ್ತಾಳೆ. ಇಂಗ್ಲೆಂಡಿನ ಪದ್ಧತಿಯನ್ನು ಇಲ್ಲಿಗೆ ತರಬೇಡಿ. ಅಲ್ಲಿ ಬಿರುದು ಹಿರಿಯ ಮಗನಿಗೆ ಮಾತ್ರ, ಆಸ್ಟ್ರಿಯದಲ್ಲಿ ಸಾಮಾನ್ಯವಾಗಿ ಎಲ್ಲ ಮಕ್ಕಳಿಗೂ. ಹ್ಯೂಗೆಲ್‌ನ ಗಂಡುಮಕ್ಕಳಾದ ಫ್ರೀಡ್ರಿಶ್, ಅನಾಟೋಲ್ ಇಬ್ಬರೂ ಬ್ಯಾರನ್ ಎನಿಸಿಕೊಂಡದ್ದು ಇದರಿಂದಲೇ. ಹಾಗಾಗಿ ಬಿರುದು ಕಂಡ ಕೂಡಲೇ ‘ಇವನೇ ಹಿರಿಯ’ ಎಂದು ಬರೆಯಬಾರದು.

ಒಬ್ಬರಿಗೆ ಒಂದು ಹಾಳೆ ಇಡಿ. ಜನನ, ದೀಕ್ಷಾಸ್ನಾನ, ಚರ್ಚು, ಮನೆ ಸಂಖ್ಯೆ, ತಂದೆ, ತಾಯಿ, ತಾಯಿಯ ತವರಿನ ಹೆಸರು, ದೀಕ್ಷಾಸ್ನಾನದ ಸಾಕ್ಷಿಗಳು, ಮದುವೆ, ಮರಣ ಇವಕ್ಕೆ ಒಂದೊಂದು ಸಾಲು. ದೀಕ್ಷಾಸ್ನಾನದ ದಿನವನ್ನು ಜನ್ಮದಿನದ ಸಾಲಿಗೆ ತುಂಬಬೇಡಿ. ಎರಡೂ ಒಂದೇ ದಿನವಾಗಿರುವುದುಂಟು, ಆದರೆ ಆಗಿಯೇ ಇರಬೇಕೆಂದಿಲ್ಲ. ತವರಿನ ಹೆಸರಿನ ಸಾಲು ಖಾಲಿಯಿದ್ದರೆ ಆ ಹಾಳೆ ಮುಗಿದಿಲ್ಲ ಎಂದೇ ತಿಳಿಯಿರಿ. ಬಹಳ ವಂಶಾವಳಿಗಳು ಕೆಡುವುದು ಅಲ್ಲಿ.

ಚಕ್ರವರ್ತಿ ಇಮ್ಮಡಿ ಜೋಸೆಫ್ 1784ರಲ್ಲಿ ಹೊರಡಿಸಿದ ಆಜ್ಞೆಯಂತೆ ಚರ್ಚುಗಳು ಜನನ, ಮದುವೆ, ಮರಣಕ್ಕೆ ಬೇರೆಬೇರೆ ಪುಸ್ತಕ ಇಟ್ಟು, ಕಾಲಮ್ಮು ಕೊರೆದು, ಮನೆ ಸಂಖ್ಯೆಯೊಂದಿಗೆ ಬರೆಯತೊಡಗಿದವು. ಇವುಗಳಲ್ಲಿ ಬಹುಪಾಲು ‘ಮಾಟ್ರಿಕುಲಾ’ ಜಾಲತಾಣದಲ್ಲಿ ಉಚಿತವಾಗಿ ನೋಡಸಿಗುತ್ತವೆ. ಮನೆ ಸಂಖ್ಯೆಯನ್ನು ಇಂದಿನ ಬೀದಿ ಸಂಖ್ಯೆಯೆಂದು ತಿಳಿದರೆ ತಪ್ಪುತ್ತೀರಿ. ವಿಯೆನ್ನಾದಲ್ಲಿ ಬೀದಿವಾರು ಎಣಿಕೆ ಬಂದದ್ದು 1862ರಲ್ಲಿ. ಅದಕ್ಕೂ ಹಿಂದಿನ ಸಂಖ್ಯೆಗಳು ಬಡಾವಣೆವಾರು, ಅವೂ ಹಲವು ಸಲ ಬದಲಾದವು. ಆದ್ದರಿಂದ ಸಂಖ್ಯೆಯ ಜೊತೆ ವರ್ಷವನ್ನೂ ಬರೆದಿಡಿ.

ಕೈಬರಹ ಕುರೆಂಟ್ ಎಂಬ ಹಳೆಯ ಜರ್ಮನ್ ಲಿಪಿಯದು. ಅದರಲ್ಲಿ ‘ಇ’ (e) ಅಕ್ಷರ ‘ಎನ್’ (n) ಥರವೇ ಎರಡು ಗೀಟು. ‘ಯು’ (u) ಅಕ್ಷರವನ್ನು ‘ಎನ್’ನಿಂದ ಬೇರ್ಪಡಿಸುವುದು ತಲೆಯ ಮೇಲಿನ ಸಣ್ಣ ಬಾಗುಗೆರೆ ಮಾತ್ರ. ಪುಸ್ತಕ ತೆರೆಯುವ ಮುಂಚೆ ನೀವು ಹುಡುಕುವ ಮನೆತನದ ಹೆಸರನ್ನು ಆ ಲಿಪಿಯಲ್ಲಿ ಇಪ್ಪತ್ತು ಸಲ ಬರೆದು ನೋಡಿ. ಕೈಗೆ ಬಂದದ್ದನ್ನು ಕಣ್ಣು ಬೇಗ ಹಿಡಿಯುತ್ತದೆ. ಸೂಚಿಯಲ್ಲಿ ಬಿ-ಪಿ, ಡಿ-ಟಿ, ಸಿ-ಕೆ ಬೆರೆತಿರುವುದುಂಟು, ಎರಡೂ ಕಡೆ ನೋಡಿ. ಜಾಲದಲ್ಲಿ ಹುಡುಕುವಾಗ ಹ್ಯೂಗೆಲ್‌ನಂಥ ಹೆಸರನ್ನು ಮೂರು ರೂಪದಲ್ಲಿ ಹಾಕಬೇಕು: ‘ಯು’ ಮೇಲೆ ಎರಡು ಚುಕ್ಕೆಯಿಟ್ಟು (ü), ಚುಕ್ಕೆ ಬಿಟ್ಟು (u), ಚುಕ್ಕೆಯ ಬದಲು ಪಕ್ಕದಲ್ಲಿ ‘ಇ’ ಸೇರಿಸಿ (ue).

ಮುದ್ರಿತ ಆಕರಗಳಲ್ಲಿ ಮೊದಲು ವುರ್ಟ್ಸ್‌ಬಾಖ್ ಎಂಬಾತ ಬರೆದ, ಆಸ್ಟ್ರಿಯ ಸಾಮ್ರಾಜ್ಯದವರ 60 ಸಂಪುಟಗಳ ಜೀವನಚರಿತ್ರೆ ಕೋಶ (1856–1891) ನೋಡಿ. ದಾರಿ ತೋರಿಸುವುದಕ್ಕೆ ಅದರಷ್ಟು ಒಳ್ಳೆಯದಿಲ್ಲ. ತಾರೀಕುಗಳನ್ನು ಮಾತ್ರ ಚರ್ಚಿನ ಪುಸ್ತಕದೊಂದಿಗೆ ತಾಳೆ ನೋಡಿಯೇ ಒಪ್ಪಿ. ಬ್ಯಾರನ್ ಮನೆತನಗಳಿಗಾಗಿ ಜರ್ಮನಿಯ ಗೋಥಾ ನಗರದ ವಾರ್ಷಿಕ ಕೈಪಿಡಿ 1848ರಿಂದ ಬರುತ್ತಿತ್ತು. ಒಂದೇ ವರ್ಷದ ಪ್ರತಿ ಸಾಲದು, ಹತ್ತು ವರ್ಷಕ್ಕೊಂದರಂತೆ ನೋಡಿದರೆ ಯಾರು ಹುಟ್ಟಿದರು, ಯಾರು ಮದುವೆಯಾಗಿ ಹೋದರು ಎಂಬುದು ಬಿಚ್ಚಿಕೊಳ್ಳುತ್ತದೆ.

ಪತ್ರಿಕೆಗಳಿಗೆ ಆಸ್ಟ್ರಿಯದ ರಾಷ್ಟ್ರೀಯ ಗ್ರಂಥಾಲಯದ ‘ಆನೋ’ ಸಂಗ್ರಹವಿದೆ. ಇಲ್ಲಿ ‘ಪಾರ್ಟೆ’ಯನ್ನು ಬಿಡಲೇಬಾರದು. ಅದು ಕಪ್ಪು ಅಂಚಿನ ಮರಣಪತ್ರ. ಬದುಕಿರುವ ನಂಟರನ್ನೆಲ್ಲ ದರ್ಜೆಯೊಡನೆ ಹೆಸರಿಸುತ್ತದೆ, ಹೆಣ್ಣುಮಕ್ಕಳ ಹೆಸರಿನ ಮುಂದೆ ‘ಗೆಬೊರೆನ’ (ಹುಟ್ಟುಹೆಸರು) ಎಂದು ತವರನ್ನೂ ಕೊಡುತ್ತದೆ. ಒಂದೊಂದು ಪಾರ್ಟೆ ಮೂರು ತಲೆಮಾರನ್ನು ಒಂದೇ ಪುಟದಲ್ಲಿ ಕಟ್ಟಿಕೊಡುವುದುಂಟು.

ತವರು ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಹ್ಯೂಗೆಲ್ ಮನೆಯೇ ಸಾಕ್ಷಿ. ಕಾರ್ಲ್ ಹುಟ್ಟಿದ್ದು 1795ರಲ್ಲಿ ರೇಗೆನ್ಸ್‌ಬರ್ಗ್‌ನಲ್ಲಿ. ಆ ಊರು ಈಗ ಬವೇರಿಯದಲ್ಲಿದೆ, ವಿಯೆನ್ನಾದ ಪುಸ್ತಕ ತಿರುವಿ ಫಲವಿಲ್ಲ. ಅವನೊಂದಿಗೆ ಮದುವೆ ಗೊತ್ತಾಗಿದ್ದ ಮೆಲಾನಿ ಜಿಚಿ-ಫೆರಾರಿಸ್ 1831ರಲ್ಲಿ ಆಸ್ಟ್ರಿಯದ ಚಾನ್ಸೆಲರ್ ಮೆಟರ್ನಿಖ್‌ನನ್ನು ವರಿಸಿದಳು. ಅದೇ ವರ್ಷ ಕಾರ್ಲ್ ದೀರ್ಘ ಪ್ರಯಾಣ ಹೊರಟ, ಭಾರತಕ್ಕೂ ಬಂದ. ತಂಗಿಯನ್ನೋ ಅಕ್ಕನನ್ನೋ ಹುಡುಕುವವರು ‘ಹ್ಯೂಗೆಲ್’ ಅಡಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಸೋದರಿ ಫ್ರಾನ್ಸಿಸ್ಕಾ ಮದುವೆಯ ನಂತರ ಕೌಂಟೆಸ್ ಹಾರ್ಡೆನ್‌ಬರ್ಗ್, ಆಸ್ಟ್ರೇಲಿಯದ ಹಾರ್ಡೆನ್‌ಬರ್ಗಿಯಾ ಬಳ್ಳಿಗೆ ಇಟ್ಟದ್ದು ಅವಳ ಹೆಸರು. 1851ರಲ್ಲಿ ಕಾರ್ಲ್ ಕೈಹಿಡಿದ ಎಲಿಜಬೆತ್ ಫಾರ್ಕರ್ಸನ್ ಸ್ಕಾಟ್ಲೆಂಡ್ ಮೂಲದ ಜನರಲ್ ಒಬ್ಬನ ಮಗಳು. ಅವಳ ತವರಿಗೆ ಬ್ರಿಟಿಷ್ ದಾಖಲೆಗಳನ್ನೇ ನೋಡಬೇಕು. ಹಿರಿಯ ಮಗ ಫ್ರೀಡ್ರಿಶ್ 1852ರಲ್ಲಿ ಫ್ಲಾರೆನ್ಸ್‌ನಲ್ಲಿ ಹುಟ್ಟಿದ, ತಂದೆ ಆಗ ಅಲ್ಲಿ ರಾಯಭಾರಿ. ಕಾರ್ಲ್ ತೀರಿಕೊಂಡದ್ದು 1870ರಲ್ಲಿ ಬ್ರಸೆಲ್ಸ್‌ನಲ್ಲಿ. ಒಂದೇ ಕುಟುಂಬಕ್ಕೆ ನಾಲ್ಕು ದೇಶದ ದಫ್ತರ! ಫ್ರೀಡ್ರಿಶ್‌ಗೆ ಮೂವರೂ ಹೆಣ್ಣುಮಕ್ಕಳು, ಅನಾಟೋಲ್‌ಗೆ ಮಕ್ಕಳಿಲ್ಲ. ಗಂಡುಮಕ್ಕಳ ಹೆಸರನ್ನಷ್ಟೇ ಹಿಡಿದು ಹೊರಟವರಿಗೆ ಕಾರ್ಲ್‌ನ ಶಾಖೆ ಅಲ್ಲಿಗೇ ನಿಂತುಹೋಗುತ್ತದೆ.

1919ರ ಏಪ್ರಿಲ್ 3ರ ಕಾನೂನು ಆಸ್ಟ್ರಿಯದಲ್ಲಿ ಬಿರುದುಗಳನ್ನೂ ‘ಫಾನ್’ ಅನ್ನೂ ತೆಗೆದುಹಾಕಿತು. ಜರ್ಮನಿಯಲ್ಲಿ ಮಾತ್ರ ಅವು ಅಡ್ಡಹೆಸರಿನ ಭಾಗವಾಗಿ ಉಳಿದವು. ಹೀಗಾಗಿ 1919ರ ನಂತರದ ಆಸ್ಟ್ರಿಯದ ದಾಖಲೆ ಹುಡುಕುವಾಗ ಬರಿಯ ಮನೆತನದ ಹೆಸರನ್ನೇ ಹಾಕಿ, ಗುರುತು ಹಿಡಿಯಲು ತಾಯಿಯ ತವರಿನ ಸಾಲು ನೋಡಿ.