ಬಿಡಿ ಹಾಡಿಗೆ ಪೂರ್ತಿ ಕೃತಿಯ ಹೆಸರು: ನನ್ನ ಅನುಭವ

ಬೆಳಗಾವಿ ಕ್ಯಾಂಪಿನ ಒಂದು ಹಳೇ ಮನೆಯಿಂದ ನಮ್ಮ ಲೈಬ್ರರಿಗೆ ಆರು ಪೆಟ್ಟಿಗೆ ಪಾಶ್ಚಾತ್ಯ ಸ್ವರಲಿಪಿ ಬಂತು. ಹೆಚ್ಚುಕಮ್ಮಿ 600 ಪುಸ್ತಕ. ಅರ್ಧಕ್ಕಿಂತ ಜಾಸ್ತಿ ಬಿಡಿ ಭಾಗಗಳೇ. ದೊಡ್ಡ ಕೃತಿಯ ಒಂದು ಹಾಡು, ಇಲ್ಲವೇ ಒಂದು ನೃತ್ಯ.

“ಮ್ಯಾಲೆ ಏನ ಬರದೈತಿ ಅದನ್ನ ಹೊಡದು ಮುಗಸ್ರಿ ಮೇಡಂ” ಅಂದರು ಜೊತೆಯವರು. ಹಾಗೇ ಮಾಡಿದೆ. ನಮ್ಮ ಲೈಬ್ರರಿ ಸಾಫ್ಟ್‌ವೇರ್ ಕೊಹಾದಲ್ಲಿ ಹ್ಯಾಂಡಲ್‌ನ ಹಲ್ಲೆಲೂಯಾ ಹಾಡು ಐದು ಹೆಸರಲ್ಲಿ ಹೋಗಿ ಕೂತಿತು. ಅದಿರುವ ಪೂರ್ತಿ ಕೃತಿ ಮೆಸ್ಸಾಯಾ ಅಂತ ಹುಡುಕಿದರೆ ಒಂದೂ ಬರಲಿಲ್ಲ. ಆಮೇಲೆ ಈ ಕೆಲಸವನ್ನು ಹೊರಗಿನವರಿಗೆ ಕೊಟ್ಟೆವು, ರೆಕಾರ್ಡಿಗೆ 30 ರೂಪಾಯಿಯಂತೆ. ಸುಮಾರು 9,000 ಹೋಯಿತು. ಅವರೂ ಮುಖಪುಟದ ಹೆಸರನ್ನೇ ಹೊಡೆದು ಕೊಟ್ಟಿದ್ದರು! ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ನಾನೇ ಕೂತೆ. ರೆಕಾರ್ಡಿನಲ್ಲಿ ಮುಖಪುಟದ ಹೆಸರು ಬರೆಯುವ ಖಾನೆ 245, ಅದು ಇದ್ದಂತೆ ಇರಲಿ. ಒಂದು ಕೃತಿಯನ್ನೆಲ್ಲ ಒಂದೇ ಹೆಸರಿನಡಿ ತರುವ ಖಾನೆ 240ರಲ್ಲಿ ಮೊದಲು ಪೂರ್ತಿ ಕೃತಿ, ಒಂದು ಚುಕ್ಕೆ, ಆಮೇಲೆ ಭಾಗ: ‘ಮೆಸ್ಸಾಯಾ. ಹಲ್ಲೆಲೂಯಾ’. ಮೊದಲ ನೂರು ರೆಕಾರ್ಡಿನಲ್ಲಿ ಎರಡನ್ನೂ ಆ ಖಾನೆಯ ಒಳಖಾನೆಯಾದ ಎ ಸಬ್‌ಫೀಲ್ಡಿಗೇ ತುಂಬಿಬಿಟ್ಟೆ. ಬಿಡಿಸಿ ಭಾಗವನ್ನು ಪಿ ಒಳಖಾನೆಗೆ ಹಾಕುವಷ್ಟರಲ್ಲಿ ಹದಿನೈದು ಸಂಜೆ ಹೋದವು. ಬ್ರಾಮ್ಸ್‌ನ ಹಂಗೇರಿಯನ್ ನೃತ್ಯಗಳಂತೆ ಭಾಗಕ್ಕೆ ಬರೀ ನಂಬರ್ ಇದ್ದರೆ ಅದು ಎನ್ ಒಳಖಾನೆಗೆ. ನಂಬರೂ ಹೆಸರೂ ಇದ್ದರೆ ನಾನು ಹೆಸರನ್ನೇ ಹಿಡಿದೆ.

ಜಾಸ್ತಿ ಕಾಡಿದ್ದು ಇಟಲಿಯ ಸಂಗೀತಗಾರ ವಿವಾಲ್ಡಿ. ‘ನಾಲ್ಕು ಋತುಗಳು’ ತಾನೇ ಒಂದು ಪೂರ್ತಿ ಕೃತಿ ಅಂದುಕೊಂಡಿದ್ದೆ. ಅಲ್ಲ. 1725ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಅವನ ಓಪಸ್ 8 ಎಂಬ ಸಂಪುಟದಲ್ಲಿ ಹನ್ನೆರಡು ಕನ್ಚರ್ಟೊ (ವಾದ್ಯಕೃತಿ) ಇವೆ, ಇವು ಅದರ ಮೊದಲ ನಾಲ್ಕು. ಹಾಗಾಗಿ ಆ ಸಂಪುಟದ ಇಟಾಲಿಯನ್ ಹೆಸರು, ಮುಂದೆ 1-4. ಋತುಗಳ ಹೆಸರು ಹಿಡಿದು ಬರುವವರೇ ಜಾಸ್ತಿ ಅಲ್ವಾ? ಅವರಿಗಾಗಿ, ಒಪ್ಪಿದ ಹೆಸರನ್ನು ಇಡುವ ಅಥಾರಿಟಿ ರೆಕಾರ್ಡಿನಲ್ಲಿ, ಋತುಗಳ ಹೆಸರಿನಿಂದ ಸಂಪುಟದ ಹೆಸರಿಗೆ ಕಳಿಸುವ ‘ನೋಡಿ’ ಕೊಟ್ಟೆ. ಹಳೇ ರೆಕಾರ್ಡುಗಳನ್ನು ಒಟ್ಟಿಗೆ ತಿದ್ದಿದ ಎಕ್ಸೆಲ್ ಸೂತ್ರ ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ.

ಇದೇ ಉಮೇದಿನಲ್ಲಿ ಮರಾಠಿ ನಾಟಕದ ಹಾಡುಗಳಾದ ನಾಟ್ಯಗೀತೆಗೂ ಕೈ ಹಾಕಿದೆ. ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರ 1882ರ ನಾಟಕ ತೆಗೆದುಕೊಂಡು, ‘ಸಂಗೀತ ಸೌಭದ್ರ. ಪ್ರಿಯೇ ಪಹಾ’ ಅಂತ ಹಾಕಿ ನೋಡಿದೆ. ಮರುವಾರ ಒಬ್ಬ ಹಿರಿಯರು ಬಂದು ನಾಟಕದ ಹೆಸರು ಹೇಳಿದರು, ಹಾಡಿನ ಹಾಳೆ ಎರಡು ನಿಮಿಷದಲ್ಲಿ ಕೈಗೆ ಸಿಕ್ಕಿತು. ಕೌಂಟರಿನ ಬಳಿ ನಿಂತೇ ಗುನುಗಲು ಶುರು ಮಾಡಿದರು. ಅದನ್ನು ನೋಡುತ್ತಿದ್ದ ಜೊತೆಯವರೇ ಈಗ ಉಳಿದ ಎರಡು ಪೆಟ್ಟಿಗೆಗೆ 240 ತುಂಬುತ್ತಿದ್ದಾರೆ.