ಬೋರ್‌ವೆಲ್, ಅಡುಗೆಮನೆ, ಮೊಣಕಾಲು

ನಾನು ಫಿಸಿಯೋಥೆರಪಿಸ್ಟ್. ಬಾಗೇಪಲ್ಲಿ ಕಡೆಯ ಹಳ್ಳಿಗಳಲ್ಲಿ ಫ್ಲೋರೋಸಿಸ್‌ನಿಂದ (ಫ್ಲೋರೈಡ್ ಹೆಚ್ಚಾಗಿ ಮೈಗೆ ಸೇರಿ ಮೂಳೆಗೆ ಬರುವ ಕಾಯಿಲೆ) ಕತ್ತು, ಬೆನ್ನು ಸೆಟೆದುಕೊಂಡವರ ಅಧ್ಯಯನಕ್ಕೆ ನಾವು ಕಟ್ಟಿದ ತಂಡದಲ್ಲಿ ಭೂವಿಜ್ಞಾನಿ, ಆಹಾರತಜ್ಞೆ, ಮೂಳೆ ವೈದ್ಯರು, ಸಂಖ್ಯಾಶಾಸ್ತ್ರ ಬಲ್ಲವರೊಬ್ಬರು ಇದ್ದರು. ಮನಸ್ತಾಪವೇನಿರಲಿಲ್ಲ, ತೊಡಕಿದ್ದದ್ದು ಲೆಕ್ಕದಲ್ಲಿ. ಭೂವಿಜ್ಞಾನಿ ಎಣಿಸುವುದು ಬೋರ್‌ವೆಲ್, ಆಹಾರತಜ್ಞೆ ಎಣಿಸುವುದು ಅಡುಗೆಮನೆ, ವೈದ್ಯರೂ ನಾನೂ ಎಣಿಸುವುದು ಆಳು. ಈ ಮೂರು ಪಟ್ಟಿ ಒಂದಕ್ಕೊಂದು ಕೂಡುವುದೇ ಇಲ್ಲವೆಂದು ಸಂಖ್ಯಾಶಾಸ್ತ್ರದವರು ಮೊದಲ ಸಭೆಯಲ್ಲೇ ಹೇಳಿದರು. (ಅವರನ್ನು ಕೊನೆಗೆ ಕರೆಯುವುದು ನಮ್ಮಲ್ಲಿ ರೂಢಿ. ಕೆಟ್ಟ ರೂಢಿ.)

ಮನೆಗೊಂದು ನಂಬರ್ ಕೊಟ್ಟೆವು. ನೀರಿನ ಬಾಟಲಿ, ಊಟದ ವಿವರ, ಕೀಲಿನ ತಪಾಸಣೆ, ಎಲ್ಲಕ್ಕೂ ಅದೇ ನಂಬರ್. ಹೋಗುವುದೂ ಒಟ್ಟಿಗೇ. ಆಗಲೇ ಪ್ರಶ್ನೆ ಬದಲಾದದ್ದು. ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವ ಮನೆಗಳಲ್ಲೂ ಮುದ್ದೆಗೆ ಎಸರಿಡುವುದು ಬೋರ್ ನೀರಿನಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರತೆ ಏರುತ್ತದೆ. "ಎಸರಿಗೆ ಯಾವ ನೀರಮ್ಮಾ?" ಎಂದು ಆಹಾರತಜ್ಞೆ ಕೇಳಿದ್ದೇ ತಡ, ಭೂವಿಜ್ಞಾನಿ ಅಡುಗೆಮನೆಯ ಕೊಡದಿಂದಲೂ ಮಾದರಿ ತೆಗೆಯತೊಡಗಿದರು. ಕುಡಿಯುವ ನೀರಿನ ಫ್ಲೋರೈಡ್‌ಗೆ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ಮೂಲವಿಲ್ಲದಿದ್ದರೆ 1.5. ಆ ಮಿತಿಯನ್ನು ಬೋರ್‌ವೆಲ್ಲಿಗೆ ಹೋಲಿಸುವುದೇ ಬೇರೆ, ತಟ್ಟೆಗೆ ಬರುವುದನ್ನು ಅಳೆಯುವುದೇ ಬೇರೆ.

ವೈದ್ಯರಿಗೆ ಎಲ್ಲರ ಎಕ್ಸ್‌ರೇ ಬೇಕಿತ್ತು. ಹಳ್ಳಿಹಳ್ಳಿಗೆ ಅದು ಆಗುವ ಮಾತಲ್ಲ. ಮಂಡಿ ಮಡಿಸದೆ ನೆಲದ ನಾಣ್ಯ ಎತ್ತುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಕೈ ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು, ಈ ಮೂರು ಪರೀಕ್ಷೆ ಎಲ್ಲರಿಗೂ, ಅನುಮಾನ ಬಂದವರಿಗಷ್ಟೇ ಎಕ್ಸ್‌ರೇ ಎಂದು ಒಪ್ಪಿದೆವು. ನನ್ನ ಪ್ರಶ್ನಾವಳಿಯಲ್ಲಿ ಮೆಟ್ಟಿಲು ಹತ್ತುವ ಪ್ರಶ್ನೆಯಿತ್ತು. ಆಶಾ ಕಾರ್ಯಕರ್ತೆ ನಕ್ಕು, "ಇಲ್ಲಿ ಮೆಟ್ಟಿಲು ಎಲ್ಲಿದೆ ಸಾರ್, ಕುಕ್ಕರುಗಾಲಲ್ಲಿ ಕೂತು ಹಾಲು ಕರೀತಾರಾ ಕೇಳಿ" ಎಂದರು. ಸೇರಿಸಿದೆವು. ತೆಲುಗು ಮನೆಮಾತಿನವರ ಹತ್ತಿರ ಮಾತಾಡಿದ್ದೂ ಹೆಚ್ಚಾಗಿ ಅವರೇ.

ಅಧ್ಯಯನದ ಲೇಖನದಲ್ಲಿ ಯಾರ ಹೆಸರು, ಯಾವ ಕ್ರಮದಲ್ಲಿ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬರೆದಿಟ್ಟೆವು. ಮುಜುಗರದ ಮಾತು, ಆದರೆ ಅರ್ಧ ಗಂಟೆಯಲ್ಲಿ ಮುಗಿಯಿತು.

ಕಡೆಯಲ್ಲಿ ಪ್ರತಿ ಮನೆಗೂ ಕನ್ನಡ, ತೆಲುಗು ಎರಡರಲ್ಲೂ ಒಂದು ಹಾಳೆ ಕೊಟ್ಟೆವು. ಅದರಲ್ಲಿ ಮೇಲೆ ಏನಿರಬೇಕೆಂಬುದೇ ದೊಡ್ಡ ಚರ್ಚೆಯಾಯಿತು. ವೈದ್ಯರು ಔಷಧಿ ಅಂದರು, ನಾನು ವ್ಯಾಯಾಮ ಅಂದೆ. ಮೂಳೆಗೆ ಆದ ಹಾನಿಯನ್ನು ಎರಡೂ ಹಿಂದಕ್ಕೆ ತಿರುಗಿಸಲಾರವು ಎಂಬುದು ಇಬ್ಬರಿಗೂ ಗೊತ್ತಿತ್ತು. ಎಸರಿನ ನೀರು ಮೇಲೆ ಬಂತು, ಹಾಲು ಮತ್ತು ನೆಲ್ಲಿಕಾಯಿ ಅದರ ಕೆಳಗೆ, ನಮ್ಮಿಬ್ಬರದು ಕೊನೆಗೆ.