ಉಳಿದ ಜೋಳದ ರೊಟ್ಟಿ ಕೆಡಬಾರದಂದ್ರ
ಬಿಸಿ ರೊಟ್ಟಿ ಒಂದರ ಮ್ಯಾಲೊಂದು ಒಟ್ಟಿ ಮುಚ್ಚಬ್ಯಾಡ್ರಿ. ಹಬಿ ಒಳಗ ನಿಂತು ನಡುವಿನ ರೊಟ್ಟಿ ಹಸಿ ಆಗಿ ಲಗೂ ಬೂಷ್ಟು ಹಿಡೀತಾವ. ಉಳಿಯೂವಂಗ ಕಂಡ್ರ ಅವತ್ತ ಕಡಕ್ ಮಾಡ್ರಿ: ಉರಿ ಸಣ್ಣ ಇಟ್ಟು, ಹಂಚಿನ ಮ್ಯಾಲೆ ಒಣ ಅರಿವಿ ಉಂಡಿಲೆ ಅಂಚು ಒತ್ತಕೋತ ಎರಡೂ ಮಗ್ಗಲ 3–4 ನಿಮಿಷ ಒಣಗಸ್ರಿ. ಅಂಚು ದಪ್ಪ ಇದ್ರ ಅಲ್ಲೇ ಹಸಿ ಉಳೀತದ. ಮುರದ್ರ ಟಕ್ ಅನಬೇಕು, ಬಾಗಿದ್ರ ಇನ್ನೂ ಆಗಿಲ್ಲ. ಪೂರಾ ಆರಿದ ಮ್ಯಾಲೇ ಡಬ್ಬಿಗೆ ಹಾಕ್ರಿ.

ಮುರಿದ ಚೂರೂ ಚೆಲ್ಲಬ್ಯಾಡ್ರಿ. 4 ರೊಟ್ಟಿ ಚೂರಿಗೆ ಅರ್ಧ ಬಟ್ಟಲ ಮಜ್ಜಿಗಿ ಚಿಮುಕಿಸಿ 5 ನಿಮಿಷ ಬಿಟ್ಟು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶೇಂಗಾ ಹಾಕಿ ಒಗ್ಗರಣಿ ಕೊಡ್ರಿ. ಮಜ್ಜಿಗಿ ಹೆಚ್ಚಾದ್ರ ಮುದ್ದಿ ಆಗಿಬಿಡ್ತದ. ಮುಂಜಾನಿ ನಾಷ್ಟಾಕ್ಕ ಭಾಳ ಚಲೋ.

ಹಿಟ್ಟಿಂದೂ ಲಕ್ಷ್ಯ ಇರಲಿ. ಗಿರಣಿಗೆ 15 ದಿನಕ್ಕ ಆಗೂವಷ್ಟ ಜೋಳ ಒಯ್ಯಿರಿ. ಬೀಸಿದ ಹಿಟ್ಟಿನ್ಯಾಗಿನ ಎಣ್ಣಿ ಅಂಶ ಗಾಳಿಗೆ ಕೆಟ್ಟು ಕಹಿ ಆಗ್ತದ. ಹಳೇ ಹಿಟ್ಟಿನ ಜಿಗಿನೂ ಹೋಗಿ ಬಡಿಯೂ ಮುಂದ ರೊಟ್ಟಿ ಹರೀತದ. ಗಿರಣಿಯಿಂದ ಬಿಸಿ ಹಿಟ್ಟು ತಂದಕೂಡಲೆ ಡಬ್ಬಿ ಮುಚ್ಚಬ್ಯಾಡ್ರಿ, ಹರವಿ ಆರಸ್ರಿ. ಜೋಳ ಹಂಗೇ ಕಾಳಿನ ರೂಪದಾಗ ಇದ್ರ, ಒಣಗಿಸಿ ಬೇವಿನೆಲಿ ಹಾಕಿಟ್ರ, ತಿಂಗಳುಗಟ್ಟಲೆ ತಾಳತದ.